ಕಾನ್ಸ್ಟ್ ಅಂತ ಹಾಕಿದ ಮೇಲೂ ಪಟ್ಟಿ ಬದಲಾಗುತ್ತಿದೆ. ಹಾಗಾದರೆ ಸ್ಥಿರವಾಗಿದ್ದು ಯಾವುದು?

ಹೊಸಹಾಳೆ
ಎಲ್ಲರಿಗೂ ನಮಸ್ಕಾರ. ಜಾವಾಸ್ಕ್ರಿಪ್ಟ್ ಕಲಿಯಲು ಶುರು ಮಾಡಿ ಮೂರು ತಿಂಗಳಾಯಿತು. ಕಾನ್ಸ್ಟಂಟ್ ಅಂದರೆ ಸುಲಭದ ವಿಷಯ ಅಂದುಕೊಂಡಿದ್ದೆ. ಒಮ್ಮೆ ಬೆಲೆ ಕೊಟ್ಟರೆ ಮತ್ತೆ ಬದಲಾಗುವುದಿಲ್ಲ, ಅಷ್ಟೇ ಅಲ್ವಾ? ನಿನ್ನೆ ಹೀಗೆ ಬರೆದೆ. ಓದಲು ಅನುಕೂಲ ಆಗಲಿ ಅಂತ ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಹಾಕುತ್ತಿದ್ದೇನೆ.

ಕಾನ್ಸ್ಟ್ ಅಂಕಗಳು = [10, 20, 30]
ಅಂಕಗಳು.ಪುಶ್(40)

ಎರಡನೇ ಸಾಲಿಗೆ ಎರರ್ ಬರುತ್ತದೆ ಅಂತ ಕಾಯುತ್ತಿದ್ದೆ. ಬರಲಿಲ್ಲ. ಪಟ್ಟಿಯಲ್ಲಿ ಈಗ ನಾಲ್ಕು ಅಂಕಗಳಿವೆ. ಆದರೆ ಅಂಕಗಳು = [] ಅಂತ ಬರೆದ ತಕ್ಷಣ ‘ಅಸೈನ್‌ಮೆಂಟ್ ಟು ಕಾನ್ಸ್ಟಂಟ್ ವೇರಿಯಬಲ್’ ಅಂತ ಬೈಯಿತು. ಕಾನ್ಸ್ಟಂಟ್ ವೇರಿಯಬಲ್ ಅನ್ನೋ ಮಾತೇ ನನಗೆ ಅರ್ಥವಾಗಲಿಲ್ಲ. ಸ್ಥಿರವೋ, ಚರವೋ?

ಇನ್ನೊಂದು ಪ್ರಶ್ನೆ. ನಾನೇ ಬರೆದ ಕೋಡ್, ನಾನೇ ಬದಲಾಯಿಸದೆ ಇದ್ದರೆ ಆಯಿತು. ಅದಕ್ಕೆ ಬೇರೆ ಕೀವರ್ಡ್ ಯಾಕೆ ಬೇಕು?

ಹಳೇಕೀಲಿ
ಗೂಟಕ್ಕೆ ಕಟ್ಟಿದ ಹಸುವನ್ನು ನೆನಪಿಸಿಕೊಳ್ಳಿ. ‘ಅಂಕಗಳು’ ಅನ್ನೋ ಹೆಸರು ಗೂಟ. ಪಟ್ಟಿ ಹಸು. ಕಾನ್ಸ್ಟ್ ಅನ್ನೋದು ನಡುವಿನ ಹಗ್ಗದ ಗಂಟು. ಗಂಟು ಬಿಚ್ಚಿ ಇನ್ನೊಂದು ಹಸು ಕಟ್ಟಲು ಬಿಡುವುದಿಲ್ಲ. ಆದರೆ ಕಟ್ಟಿದ ಹಸು ಮೇಯುತ್ತದೆ, ದಪ್ಪ ಆಗುತ್ತದೆ, ಕರುವನ್ನೂ ಹಾಕುತ್ತದೆ. ಅದಕ್ಕೆ ತಡೆ ಇಲ್ಲ.

ಅಂದರೆ ಜಾವಾಸ್ಕ್ರಿಪ್ಟ್‌ನಲ್ಲಿ ಸ್ಥಿರವಾಗಿದ್ದು ಹೆಸರಿನ ಕಟ್ಟು ಮಾತ್ರ. ಒಳಗಿನ ವಸ್ತು ಅಲ್ಲ. 2015ರ ಆವೃತ್ತಿಯಲ್ಲಿ ಕಾನ್ಸ್ಟ್ ಆ ಭಾಷೆಯ ನಿಯಮಕ್ಕೆ ಸೇರಿದಾಗಿನಿಂದಲೂ ಹೀಗೇ ಇದೆ.

ಸೊನ್ನೆಯಿಂದ_ಶುರು
ಹಸು ಚೆನ್ನಾಗಿದೆ ಸರ್, ಆದರೆ ಒಂದು ಸೇರಿಸಬೇಕು. ಅದೇ ಹಸುವಿಗೆ ಇನ್ನೊಂದು ಗೂಟದಿಂದಲೂ ಹಗ್ಗ ಕಟ್ಟಬಹುದು.

ಲೆಟ್ ಬೇರೆ = ಅಂಕಗಳು
ಬೇರೆ.ಪುಶ್(50)

ಈಗ ‘ಅಂಕಗಳು’ ನೋಡಿದರೆ ಅಲ್ಲೂ 50 ಇರುತ್ತದೆ. ‘ಅಂಕಗಳು’ ಅನ್ನೋ ಹೆಸರನ್ನು ಯಾರೂ ಮುಟ್ಟಲೇ ಇಲ್ಲ! ನಾನು ಕಲಿಯುವಾಗ ಎರಡು ದಿನ ಒದ್ದಾಡಿದ್ದು ಇದಕ್ಕೇ. ಸಂಖ್ಯೆ, ಸ್ಟ್ರಿಂಗ್ (ಅಕ್ಷರಗಳ ಸಾಲು) ಇಟ್ಟರೆ ಈ ಗೊಂದಲ ಇಲ್ಲ. ಅವುಗಳನ್ನು ಒಳಗಿನಿಂದ ತಿದ್ದಲು ಭಾಷೆಯೇ ಬಿಡುವುದಿಲ್ಲ. ಪಟ್ಟಿ ಮತ್ತು ಆಬ್ಜೆಕ್ಟ್ ಬಂದಾಗ ಮಾತ್ರ ತಲೆನೋವು.

ಹೊಸಹಾಳೆ
ಓಹ್, ಈಗ ಸ್ವಲ್ಪ ಬೆಳಕಾಯಿತು. ಹಾಗಾದರೆ ಹಸುವನ್ನೂ ಅಲ್ಲಾಡದ ಹಾಗೆ ನಿಲ್ಲಿಸಲು ದಾರಿ ಇದೆಯಾ?

ಅರ್ಧವಿರಾಮ
ಆಬ್ಜೆಕ್ಟ್.ಫ್ರೀಜ್ ಇದೆ.

ಸೊನ್ನೆಯಿಂದ_ಶುರು
ಇದೆ, ಆದರೆ ಮೇಲ್ಪದರಕ್ಕೆ ಮಾತ್ರ. ಪಟ್ಟಿಯ ಒಳಗೆ ಇನ್ನೊಂದು ಪಟ್ಟಿ ಇದ್ದರೆ ಆ ಒಳಗಿನದು ಮೊದಲಿನಂತೆಯೇ ಬದಲಾಗುತ್ತದೆ. ಪೂರ್ತಿ ಬಿಗಿ ಬೇಕಾದರೆ ಪ್ರತಿ ಹಂತಕ್ಕೂ ಇಳಿದು ಫ್ರೀಜ್ ಮಾಡಬೇಕು.

ಮತ್ತೊಂದು ಎಚ್ಚರ. ಫ್ರೀಜ್ ಮಾಡಿದ ಪಟ್ಟಿಗೆ ಪುಶ್ ಮಾಡಿದರೆ ಎರರ್ ಬರುತ್ತದೆ. ಆದರೆ ಅಂಕಗಳು[0] = 99 ಅಂತ ಬರೆದರೆ, ಸ್ಟ್ರಿಕ್ಟ್ ಮೋಡ್ (ಇಂಥ ತಪ್ಪುಗಳನ್ನು ಬಿಗಿಯಾಗಿ ಹಿಡಿಯುವ ವಿಧಾನ) ಇಲ್ಲದ ಕಡೆ, ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಎರರೂ ಇಲ್ಲ, ಬದಲಾವಣೆಯೂ ಇಲ್ಲ. ಅದನ್ನು ಹುಡುಕುವುದು ಬಹಳ ಕಷ್ಟ. ಸ್ಟ್ರಿಕ್ಟ್ ಮೋಡ್ ಹಾಕಿಕೊಂಡೇ ಕಲಿಯಿರಿ.

ತುಕ್ಕು_ಬಳಗ
ಇಲ್ಲಿ ಎಲ್ಲರೂ ಒಂದೇ ಭಾಷೆಯ ಉತ್ತರ ಕೊಡುತ್ತಿದ್ದೀರಿ. ರಸ್ಟ್‌ನಲ್ಲಿ ಲೆಟ್ ಅಂತ ಬರೆದರೆ ಸಾಕು, ಪಟ್ಟಿಗೆ ಪುಶ್ ಮಾಡಲು ಕಂಪೈಲರ್ ಬಿಡುವುದೇ ಇಲ್ಲ. ಬದಲಾಯಿಸಬೇಕು ಅಂದರೆ ಮ್ಯೂಟ್ ಅಂತ ಬಾಯಿಬಿಟ್ಟು ಹೇಳಬೇಕು. ಸ್ವಿಫ್ಟ್‌ನಲ್ಲೂ ಲೆಟ್ ಹಾಕಿದ ಅರೇಗೆ ಏನೂ ಸೇರಿಸಲು ಆಗುವುದಿಲ್ಲ. ಯಾಕಂದರೆ ಅಲ್ಲಿ ಅರೇ ಅನ್ನೋದೇ ಒಂದು ಬೆಲೆ, ಹಗ್ಗದ ಆಚೆ ತುದಿಯ ಹಸು ಅಲ್ಲ. ಆದರೆ ಅದೇ ಸ್ವಿಫ್ಟ್‌ನಲ್ಲಿ ಕ್ಲಾಸ್‌ನಿಂದ ಮಾಡಿದ ಆಬ್ಜೆಕ್ಟ್ ಇಟ್ಟರೆ ಮತ್ತೆ ಹಸುವಿನ ಕಥೆ.

ಹೊಸಹಾಳೆಯವರು ನಿರೀಕ್ಷಿಸಿದ್ದು ತಪ್ಪಲ್ಲ. ಬೇರೆ ಭಾಷೆಯಲ್ಲಿ ಅದು ಸರಿಯಾದ ನಿರೀಕ್ಷೆಯೇ.

ಎರಡುಬಿಟ್
ಸಿ ಭಾಷೆಯವರು ಯಾರೂ ಬರಲಿಲ್ಲವಲ್ಲ, ನಾನೇ ಹೇಳುತ್ತೇನೆ. ಅಲ್ಲಿ ಗೂಟಕ್ಕೆ ಬೇರೆ ಬೀಗ, ಹಸುವಿಗೆ ಬೇರೆ ಬೀಗ. ಕೆಳಗಿನ ಪ ಒಂದು ಪಾಯಿಂಟರ್, ಅಂದರೆ ಸಂಖ್ಯೆ (ಇಂಟ್) ಇರುವ ಜಾಗವನ್ನು ತೋರಿಸುವ ಹೆಸರು.

ಕಾನ್ಸ್ಟ್ ಇಂಟ್ *ಪ: ಪ ಮೂಲಕ ಆ ಸಂಖ್ಯೆಯನ್ನು ಬದಲಾಯಿಸುವಂತಿಲ್ಲ. ಪ ಬೇರೆ ಕಡೆ ತೋರಿಸಬಹುದು.
ಇಂಟ್ * ಕಾನ್ಸ್ಟ್ ಪ: ಪ ಬೇರೆ ಕಡೆ ತೋರಿಸುವಂತಿಲ್ಲ. ಸಂಖ್ಯೆ ಬದಲಾಯಿಸಬಹುದು.

ಬಲದಿಂದ ಎಡಕ್ಕೆ ಓದಿದರೆ ಗೊಂದಲ ಆಗುವುದಿಲ್ಲ. ಎರಡನೆಯದು ‘ಪ ಒಂದು ಸ್ಥಿರ ಪಾಯಿಂಟರ್, ಇಂಟ್ ಕಡೆಗೆ’ ಅಂತ.

ಆದರೆ ಮುಖ್ಯ ವಿಷಯ ಬೇರೆ. ಸಿಯಲ್ಲಿ ಕಾನ್ಸ್ಟ್ ಅಂದರೆ ‘ಈ ಹೆಸರಿನ ಮೂಲಕ ನಾನು ಬರೆಯುವುದಿಲ್ಲ’ ಅಂತ ಕೊಟ್ಟ ಮಾತು. ‘ಇದು ಎಂದೂ ಬದಲಾಗುವುದಿಲ್ಲ’ ಅಂತ ಅಲ್ಲ. ಅದೇ ಜಾಗವನ್ನು ಬೇರೆ ಹೆಸರಿನಿಂದ ಯಾರೋ ಬದಲಾಯಿಸಬಹುದು. ಸೆನ್ಸರ್‌ನ ರಿಜಿಸ್ಟರ್ ಓದುವಾಗ ಕಾನ್ಸ್ಟ್ ವೊಲಟೈಲ್ ಅಂತ ಎರಡನ್ನೂ ಒಟ್ಟಿಗೆ ಬರೆಯುತ್ತೇವೆ. ನನ್ನ ಕೋಡ್ ಅದನ್ನು ಬದಲಾಯಿಸುವಂತಿಲ್ಲ, ಆದರೆ ಹಾರ್ಡ್‌ವೇರ್ ಬದಲಾಯಿಸುತ್ತಲೇ ಇರುತ್ತದೆ. ಕೇಳಿದರೆ ವಿಚಿತ್ರ, ನೋಡಿದರೆ ಪೂರ್ತಿ ನ್ಯಾಯ.

ಅರ್ಧವಿರಾಮ
ಹಾಗಿದ್ದರೆ ಅದಕ್ಕೆ ಕಾನ್ಸ್ಟ್ ಅಂತ ಹೆಸರಿಟ್ಟಿದ್ದೇ ತಪ್ಪು. ‘ಓದಲು ಮಾತ್ರ’ ಅಂತ ಇಡಬೇಕಿತ್ತು.

ಎರಡುಬಿಟ್
ಒಪ್ಪುತ್ತೇನೆ. ಸಿಯಲ್ಲಿ ಕಾನ್ಸ್ಟ್ ಇಂಟ್ ಮಿತಿ = 5 ಅಂತ ಬರೆದು ಸ್ವಿಚ್ ಒಳಗೆ ಕೇಸ್ ಮಿತಿ ಅಂತ ಹಾಕಿದರೆ ಪ್ರಮಾಣದ ಪ್ರಕಾರ ಅದು ಸರಿಯಾದ ಕೋಡ್ ಅಲ್ಲ. ಅದಕ್ಕೇ ಜನ ಇನ್ನೂ ಸಂಖ್ಯೆಗೆ ಹೆಸರಿಡುವ ಬೇರೆ ದಾರಿಗಳಾದ ಡಿಫೈನ್ ಮತ್ತು ಈನಮ್ ಹಿಡಿದುಕೊಂಡಿರುವುದು. ಸಿ ಪ್ಲಸ್ ಪ್ಲಸ್‌ಗೆ 2011ರಲ್ಲಿ ಕಾನ್ಸ್ಟ್‌ಎಕ್ಸ್‌ಪರ್ ಬಂತು. ಕಂಪೈಲ್ ಹೊತ್ತಿಗೇ ಬೆಲೆ ಗೊತ್ತಿರುವ ನಿಜವಾದ ಸ್ಥಿರ. ಸಿಗೆ ಅದು ಬಂದಿದ್ದು ಸಿ23ರಲ್ಲಿ.

ರಾತ್ರಿಪಾಳಿ
ಹೊಸಹಾಳೆಯವರ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ‘ನಾನೇ ಬದಲಾಯಿಸದೆ ಇದ್ದರೆ ಸಾಕಲ್ಲ’ ಅನ್ನೋದು. ನನಗೆ ಅದೇ ಮುಖ್ಯ ಪ್ರಶ್ನೆ ಅನಿಸುತ್ತದೆ.

ನಾನು ಮೊದಲು ಕೆಲಸ ಮಾಡಿದ ಕಡೆ ಒಂದು ಹಳೆಯ ಪ್ರೋಗ್ರಾಂ ಇತ್ತು. ಅದರಲ್ಲಿ 7 ಅನ್ನೋ ಸಂಖ್ಯೆ ಸುಮಾರು ಇಪ್ಪತ್ತು ಕಡೆ ಇತ್ತು. ಸರ್ವರ್ ಸಿಗದಿದ್ದರೆ 7 ಸಲ ಮತ್ತೆ ಪ್ರಯತ್ನಿಸಬೇಕು ಅಂತ ಅದರ ಅರ್ಥ. ಒಂದು ದಿನ ಅದನ್ನು 5ಕ್ಕೆ ಇಳಿಸಲು ಹೇಳಿದರು. ತಂಡದ ಒಬ್ಬರು ಫೈಲ್ ಪೂರ್ತಿ ಹುಡುಕಿ 7 ಇದ್ದಲ್ಲೆಲ್ಲ 5 ಹಾಕಿದರು. ಅವುಗಳಲ್ಲಿ ಮೂರು ಕಡೆ 7 ಅಂದರೆ ವಾರದ ದಿನಗಳು. ಆ ರಾತ್ರಿಯಿಂದ ನಮ್ಮ ವರದಿಯ ವಾರಕ್ಕೆ ಐದೇ ದಿನ. ಗೊತ್ತಾಗುವಷ್ಟರಲ್ಲಿ ಎರಡು ವಾರದ ಲೆಕ್ಕ ಕೆಟ್ಟಿತ್ತು. ಎಲ್ಲವನ್ನೂ ಮತ್ತೆ ಓಡಿಸಿ, ಒಂದೊಂದೇ ಸಾಲು ಹೋಲಿಸಿ ಸರಿ ಮಾಡಿದೆವು.

ಆ ಸಹೋದ್ಯೋಗಿಯ ಮೇಲೆ ನನಗೆ ಸಿಟ್ಟಿಲ್ಲ. ಎರಡು ಬೇರೆ ಬೇರೆ ಸಂಗತಿಗೆ ಒಂದೇ ಮುಖ ಕೊಟ್ಟು ಇಟ್ಟಿದ್ದು ನಮ್ಮೆಲ್ಲರ ತಪ್ಪು. ‘ಮರುಪ್ರಯತ್ನ_ಮಿತಿ’ ಅಂತ ಒಂದು, ‘ವಾರದ_ದಿನಗಳು’ ಅಂತ ಒಂದು ಇದ್ದಿದ್ದರೆ ಒಂದೇ ಸಾಲಿನ ಬದಲಾವಣೆ.

ಹಾವಿನಹಾದಿ
ಇದಕ್ಕೆ ಮ್ಯಾಜಿಕ್ ನಂಬರ್ ಅನ್ನುತ್ತಾರೆ. ಎಲ್ಲಿಂದ ಬಂತು, ಯಾಕೆ ಬಂತು ಅಂತ ಯಾರಿಗೂ ಗೊತ್ತಿಲ್ಲದ ಸಂಖ್ಯೆ.

ಸೊನ್ನೆಯಿಂದ_ಶುರು
ಅದರ ಉಲ್ಟಾ ಕೂಡ ನೋಡಿದ್ದೇನೆ. ‘ಏಳು = 7’, ‘ನೂರು = 100’ ಅಂತ ಕಾನ್ಸ್ಟಂಟ್ ಮಾಡಿಟ್ಟ ಕೋಡ್. ಅದರಿಂದ ಯಾವ ಪ್ರಯೋಜನವೂ ಇಲ್ಲ. ನಾಳೆ ‘ಏಳು = 5’ ಅಂತ ತಿದ್ದಬೇಕಾಗುತ್ತದೆ. ಹೆಸರು ಸಂಖ್ಯೆಯನ್ನು ಹೇಳಬಾರದು, ಸಂಖ್ಯೆ ಯಾಕಿದೆ ಅಂತ ಹೇಳಬೇಕು.

ಗಣಿತಪ್ರೀತಿ
ಒಪ್ಪಿದೆ, ಆದರೆ ಎಲ್ಲಕ್ಕೂ ಹೆಸರು ಬೇಡ. ತ್ರಿಕೋನದ ವಿಸ್ತೀರ್ಣಕ್ಕೆ ಪಾದ × ಎತ್ತರ / 2 ಅಂತ ಬರೆದರೆ ಆ 2ಕ್ಕೆ ಯಾವ ಹೆಸರು ಕೊಡುತ್ತೀರಿ? ಅದು ಸೂತ್ರದ ಭಾಗ. ಅಲ್ಲಿ ಹೆಸರು ಹಾಕಿದರೆ ಓದುವುದೇ ಕಷ್ಟ.

ಅರ್ಧವಿರಾಮ
ನಮ್ಮ ಲಿಂಟರ್ (ಕೋಡ್‌ನ ಶಿಸ್ತು ಪರೀಕ್ಷಿಸುವ ಸಾಧನ) 0 ಮತ್ತು 1 ಬಿಟ್ಟು ಉಳಿದ ಎಲ್ಲಕ್ಕೂ ಹೆಸರು ಕೇಳುತ್ತದೆ. ನಾನು ಹಾಕುತ್ತೇನೆ. ಶಿಸ್ತು ಇರಲಿ.

ಗಣಿತಪ್ರೀತಿ
ಲಿಂಟರ್ ಹೇಳಿತು ಅಂತ ಹಾಕುವ ಹೆಸರು, ಯೋಚಿಸಿ ಇಟ್ಟ ಹೆಸರು, ಎರಡೂ ಒಂದೇ ಅಲ್ಲ. ಯೋಚಿಸದೆ ಇಟ್ಟರೆ ಮತ್ತೆ ‘ಎರಡು = 2’ ಆಗುತ್ತದೆ.

ರಾತ್ರಿಪಾಳಿ
ಹೆಸರಿನಲ್ಲಿ ಅಳತೆಯೂ ಇರಲಿ ಅಂತ ನನ್ನ ಕಳಕಳಿಯ ವಿನಂತಿ. ‘ಕಾಯುವ_ಸಮಯ = 30’ ಅಂದರೆ 30 ಸೆಕೆಂಡೋ, 30 ಮಿಲಿಸೆಕೆಂಡೋ? ‘ಕಾಯುವ_ಸೆಕೆಂಡು = 30’ ಅಂದರೆ ಪ್ರಶ್ನೆಯೇ ಇಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಕಳೆದುಹೋಗಿದ್ದು ಅಳತೆಯ ಗೊಂದಲಕ್ಕೇ. ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಸಂಖ್ಯೆ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಅಂತ ಓದಿತು. ನಡುವೆ ಸುಮಾರು 4.45ರಿಂದ ಗುಣಿಸುವ ಒಂದು ಸ್ಥಿರಾಂಕ ಇರಬೇಕಿತ್ತು. ಇರಲಿಲ್ಲ.

ಗಣಿತಪ್ರೀತಿ
ಸ್ಥಿರಾಂಕದಲ್ಲಿ ಅತಿ ಸಣ್ಣ ತಪ್ಪು ಎಷ್ಟು ದೊಡ್ಡದಾಗುತ್ತದೆ ಅನ್ನೋದಕ್ಕೆ ನನ್ನ ಮನಸ್ಸಿನಿಂದ ಹೋಗದ ಉದಾಹರಣೆ, ಎದುರಾಳಿಯ ಕ್ಷಿಪಣಿಯನ್ನು ಹೊಡೆದುರುಳಿಸುವ ಅಮೆರಿಕದ ಪೇಟ್ರಿಯಟ್ ಕ್ಷಿಪಣಿಯದು. ಅದರ ಗಡಿಯಾರ ಸೆಕೆಂಡಿನ ಹತ್ತನೇ ಒಂದು ಭಾಗವನ್ನು ಎಣಿಸುತ್ತಿತ್ತು. ಸೆಕೆಂಡಿಗೆ ತರಲು 0.1ರಿಂದ ಗುಣಿಸಬೇಕು. ನಮಗೆ 0.1 ಸರಳ ಸಂಖ್ಯೆ. ಬೈನರಿಯಲ್ಲಿ ಅದು ಮುಗಿಯುವುದೇ ಇಲ್ಲ, 1/3 ನಮಗೆ 0.333 ಅಂತ ಎಳೆಯುತ್ತಾ ಹೋಗುವ ಹಾಗೆ. 24 ಬಿಟ್‌ಗೆ ಕತ್ತರಿಸಿ ಇಟ್ಟಿದ್ದರು. ಒಂದು ಎಣಿಕೆಗೆ ಸುಮಾರು 0.000000095 ಸೆಕೆಂಡು ಕಡಿಮೆ.

1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಆ ಯಂತ್ರ ಸುಮಾರು 100 ಗಂಟೆಯಿಂದ ನಿಲ್ಲದೆ ಓಡುತ್ತಿತ್ತು. 100 × 3600 × 10 ಎಣಿಕೆ. ಗುಣಿಸಿ ನೋಡಿ, 0.34 ಸೆಕೆಂಡು ಆಗುತ್ತದೆ. ಅಷ್ಟರಲ್ಲಿ ಎದುರಿನ ಕ್ಷಿಪಣಿ ಅರ್ಧ ಕಿಲೋಮೀಟರಿಗಿಂತ ಹೆಚ್ಚು ಸಾಗಿರುತ್ತದೆ. ಪೇಟ್ರಿಯಟ್ ತಪ್ಪು ಜಾಗದಲ್ಲಿ ಹುಡುಕಿತು. 28 ಜನ ಸೈನಿಕರು ಸತ್ತರು.

ಸ್ಥಿರಾಂಕ ಬದಲಾಗಲಿಲ್ಲ. ಮೊದಲ ದಿನದಿಂದ ಅಷ್ಟೇ ತಪ್ಪಾಗಿತ್ತು.

ಹೊಸಹಾಳೆ
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. 0.1 + 0.2 ಮಾಡಿದರೆ 0.30000000000000004 ಬರುವುದನ್ನು ನೋಡಿದ್ದೆ. ಅದರ ಹಿಂದೆ ಇಷ್ಟು ಇದೆ ಅಂತ ಗೊತ್ತಿರಲಿಲ್ಲ.

ಹಳೇಕೀಲಿ
ಹಳೆಯ ಕಾಲದ ಒಂದು ಮಾತು. ಫೋರ್ಟ್ರಾನ್‌ನಲ್ಲಿ ಸಬ್‌ರೂಟಿನ್‌ಗೆ ಕೊಡುವ ಎಲ್ಲವೂ ವಿಳಾಸವಾಗಿ ಹೋಗುತ್ತಿತ್ತು. 4 ಅಂತ ಕೊಟ್ಟರೂ ಆ 4 ಮೆಮೊರಿಯಲ್ಲಿ ಇರುವ ಜಾಗದ ವಿಳಾಸ. ಒಳಗಿನ ಕೋಡ್ ಅದಕ್ಕೆ 1 ಕೂಡಿಸಿದರೆ, ಕೆಲವು ಹಳೆಯ ಕಂಪೈಲರ್‌ಗಳಲ್ಲಿ ಆ ಜಾಗದಲ್ಲೇ 5 ಕೂರುತ್ತಿತ್ತು. ಆಮೇಲೆ ಪ್ರೋಗ್ರಾಂನಲ್ಲಿ ಎಲ್ಲಿ 4 ಬರೆದರೂ 5 ಸಿಗುತ್ತಿತ್ತು. ಈಗ ಸ್ಟ್ರಿಂಗ್ ಲಿಟರಲ್‌ಗಳನ್ನು ಬರೆಯಲಾಗದ ಮೆಮೊರಿಯಲ್ಲಿ ಇಡುವುದು ಸಾಮಾನ್ಯ. ಅಲ್ಲಿ ಕೈ ಹಾಕಿದರೆ ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಬಿದ್ದಾಗ ಬೇಜಾರು ಮಾಡಿಕೊಳ್ಳಬೇಡಿ. 4ರ ಜಾಗದಲ್ಲಿ 5 ಕೂರುವುದಕ್ಕಿಂತ ಅದು ಎಷ್ಟೋ ಮೇಲು.

ಅರ್ಧವಿರಾಮ
ಶಿಲಾಶಾಸನದ ಮೇಲೆ ಸೀಮೆಸುಣ್ಣದಲ್ಲಿ ತಿದ್ದಿದ ಹಾಗೆ!

ತುಕ್ಕು_ಬಳಗ
ಲೋಕದಲ್ಲೇ ಬದಲಾಗುವುದನ್ನು ಕಾನ್ಸ್ಟಂಟ್ ಅಂತ ಬರೆಯುವುದು ಇನ್ನೊಂದು ತಪ್ಪು. ‘ಗ್ರಹಗಳ_ಸಂಖ್ಯೆ = 9’ ಅಂತ ಬರೆದವರೆಲ್ಲ 2006ರಲ್ಲಿ ಅದನ್ನು 8 ಮಾಡಬೇಕಾಯಿತು. ‘ದಿನದ_ಸೆಕೆಂಡು = 86400’ ಅಂತ ಎಲ್ಲರೂ ಬರೆಯುತ್ತೇವೆ. ಗಡಿಯಾರ ಮುಂದೆ ಹಿಂದೆ ಮಾಡುವ ದೇಶಗಳಲ್ಲಿ ವರ್ಷಕ್ಕೆ ಒಂದು ದಿನ 23 ಗಂಟೆ, ಒಂದು ದಿನ 25 ಗಂಟೆ. 1972ರಿಂದ 27 ಸಲ ಲೀಪ್ ಸೆಕೆಂಡ್ ಸೇರಿದೆ, ಆ ದಿನಗಳಿಗೆ 86401 ಸೆಕೆಂಡು. ಕೊನೆಯದು 2016ರ ಡಿಸೆಂಬರ್ 31ಕ್ಕೆ.

ಗಣಿತಪ್ರೀತಿ
ಅದರ ಉಲ್ಟಾ ಕೂಡ ಇದೆ. ಬೆಳಕಿನ ವೇಗ ಮೊದಲು ಅಳೆದು ತಿಳಿಯುವ ಸಂಖ್ಯೆಯಾಗಿತ್ತು. 1983ರಲ್ಲಿ ಅದನ್ನೇ ಸೆಕೆಂಡಿಗೆ 299792458 ಮೀಟರ್ ಅಂತ ಗೊತ್ತುಮಾಡಿ, ಮೀಟರನ್ನು ಅದರಿಂದ ಹೇಳಲು ಶುರು ಮಾಡಿದರು. 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕವೂ ಹಾಗೆ ಗಟ್ಟಿಯಾಯಿತು. ಇವನ್ನು ಧೈರ್ಯವಾಗಿ ಕಾನ್ಸ್ಟ್ ಅಂತ ಬರೆಯಿರಿ. ಗುರುತ್ವದ ಸ್ಥಿರಾಂಕ ಮಾತ್ರ ಇನ್ನೂ ಅಳೆದು ತಿಳಿಯುವುದೇ. ಹೆಸರು ಸ್ಥಿರಾಂಕ, ಆದರೆ ಅಳತೆ ಸುಧಾರಿಸಿದಂತೆ ಪುಸ್ತಕದ ಸಂಖ್ಯೆ ತಿದ್ದುತ್ತಾರೆ.

ಪೈ ಬೆಲೆಯನ್ನು ಕೈಯಿಂದ ಟೈಪ್ ಮಾಡಬೇಡಿ. ವಿಲಿಯಂ ಶ್ಯಾಂಕ್ಸ್ ವರ್ಷಗಟ್ಟಲೆ ಕೂತು 707 ಸ್ಥಾನಗಳವರೆಗೆ ಪೈ ಲೆಕ್ಕ ಹಾಕಿದರು, 1873ರಲ್ಲಿ ಪ್ರಕಟಿಸಿದರು. 527 ಸ್ಥಾನ ಮಾತ್ರ ಸರಿ ಇತ್ತು. ಅದು ಗೊತ್ತಾಗಿದ್ದು 1940ರ ದಶಕದಲ್ಲಿ. ಲೈಬ್ರರಿಯಲ್ಲಿ ಇರುವ ಪೈ ಬಳಸಿ.

ಎರಡುಬಿಟ್
ಸಿ ಶಾರ್ಪ್ ಬಳಸುವವರಿಗೆ ಒಂದು ಮಾತು, ನಾನು ಒಂದಿಡೀ ದಿನ ಕಳೆದ ವಿಷಯ. ಲೈಬ್ರರಿಯಲ್ಲಿ ಪಬ್ಲಿಕ್ ಕಾನ್ಸ್ಟ್ ಇಟ್ಟರೆ ಅದರ ಬೆಲೆ, ಬಳಸುವ ಪ್ರೋಗ್ರಾಂ ಒಳಗೇ ಅಚ್ಚಾಗಿ ಹೋಗುತ್ತದೆ. ಲೈಬ್ರರಿಯಲ್ಲಿ 10 ಇದ್ದದ್ದನ್ನು 20 ಮಾಡಿ ಆ ಫೈಲ್ ಮಾತ್ರ ಬದಲಾಯಿಸಿದೆ. ಪ್ರೋಗ್ರಾಂ 10 ಅಂತಲೇ ಓಡುತ್ತಿತ್ತು. ಎರಡನ್ನೂ ಮತ್ತೆ ಕಂಪೈಲ್ ಮಾಡಿದ ಮೇಲೆ ಸರಿಹೋಯಿತು. ಮುಂದೆ ಬದಲಾಗಬಹುದು ಅನಿಸಿದರೆ ಸ್ಟ್ಯಾಟಿಕ್ ರೀಡ್‌ಓನ್ಲಿ ಹಾಕಿ. ಜಾವಾದ ಸ್ಟ್ಯಾಟಿಕ್ ಫೈನಲ್ ಸಂಖ್ಯೆ, ಸ್ಟ್ರಿಂಗ್‌ಗಳಿಗೂ ಇದೇ ಗುಣ ಇದೆ.

ಹೊಸಹಾಳೆ
ಪೈಥಾನ್‌ನಲ್ಲಿ ಹೇಗೆ? ಮುಂದೆ ಅದನ್ನೇ ಕಲಿಯೋಣ ಅಂತಿದ್ದೇನೆ.

ಹಾವಿನಹಾದಿ
ಪೈಥಾನ್‌ನಲ್ಲಿ ಕಾನ್ಸ್ಟಂಟ್ ಅನ್ನೋ ಕೀವರ್ಡೇ ಇಲ್ಲ. ಹೆಸರನ್ನು ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ ಬರೆದರೆ ‘ಇದನ್ನು ಮುಟ್ಟಬೇಡಿ’ ಅಂತ ಅರ್ಥ. ಬರೀ ನಂಬಿಕೆ. ಮುಟ್ಟಿದರೆ ಪೈಥಾನ್ ಏನೂ ಅನ್ನುವುದಿಲ್ಲ. 3.8ರಿಂದ ಫೈನಲ್ ಅಂತ ಗುರುತು ಹಾಕಬಹುದು, ಅದನ್ನೂ ಟೈಪ್ ಚೆಕರ್ ಮಾತ್ರ ನೋಡುತ್ತದೆ, ಓಡುವಾಗ ತಡೆ ಇಲ್ಲ. ಪೈಥಾನ್ 2ರಲ್ಲಂತೂ ಟ್ರೂ = ಫಾಲ್ಸ್ ಅಂತ ಬರೆದರೂ ನಡೆಯುತ್ತಿತ್ತು! 3ರಲ್ಲಿ ಅವುಗಳನ್ನು ಕೀವರ್ಡ್ ಮಾಡಿದರು.

ಪದಸಂಗಾತಿ
ಇಲ್ಲಿ ನನಗೊಂದು ಪ್ರಶ್ನೆ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಆದರೆ ಕನ್ನಡದಲ್ಲಿ ಕ್ಯಾಪಿಟಲ್ ಅಕ್ಷರವೇ ಇಲ್ಲ. ಹಾಗಾದರೆ ಕನ್ನಡದ ಹೆಸರು ಸ್ಥಿರ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

ಹಾವಿನಹಾದಿ
ಒಳ್ಳೆಯ ಪ್ರಶ್ನೆ ಮೇಡಂ. ರೂಬಿಯಲ್ಲಿ ಇದು ಇನ್ನೂ ಬಿಗಿ. ಅಲ್ಲಿ ಕ್ಯಾಪಿಟಲ್‌ನಿಂದ ಶುರುವಾದರೆ ಮಾತ್ರ ಕಾನ್ಸ್ಟಂಟ್. ‘ಮಿತಿ = 5’ ಅಂತ ಬರೆದರೆ ಅದು ಸಾದಾ ಲೋಕಲ್ ವೇರಿಯಬಲ್. ಕನ್ನಡ ಅಕ್ಷರದಿಂದ ಶುರುವಾಗುವ ಕಾನ್ಸ್ಟಂಟ್ ರೂಬಿಯಲ್ಲಿ ಮಾಡಲು ಆಗುವುದಿಲ್ಲ.

ತುಕ್ಕು_ಬಳಗ
ಗೋ ಭಾಷೆಯಲ್ಲಿ ಅದಕ್ಕಿಂತ ಕಷ್ಟ. ಹೆಸರಿನಲ್ಲಿ ಯೂನಿಕೋಡ್ ‘ಅಕ್ಷರ’ ಮತ್ತು ಅಂಕಿ ಮಾತ್ರ ಇರಬೇಕು. ಗುಣಿತದ ಚಿಹ್ನೆ, ಒತ್ತಕ್ಷರದ ಹಲಂತ ಅಲ್ಲಿ ‘ಅಕ್ಷರ’ ಅಲ್ಲ. ‘ನಗರ’ ಅಂತ ಹೆಸರಿಡಬಹುದು. ‘ಊರು’ ಅಂತ ಇಡಲು ಆಗುವುದಿಲ್ಲ, ಕೊನೆಯ ಉಕಾರಕ್ಕೆ ಎರರ್. ಜೊತೆಗೆ ಪ್ಯಾಕೇಜ್ ಹೊರಗೆ ಕಾಣಬೇಕಾದರೆ ಕ್ಯಾಪಿಟಲ್ ಬೇಕು.

ಪದಸಂಗಾತಿ
ಗುಣಿತ ಇಲ್ಲದೆ ಕನ್ನಡ ಬರೆಯಿರಿ ಅಂದರೆ ಹೇಗೆ? ಇದು ನಿಜಕ್ಕೂ ನೋವಿನ ವಿಷಯ.

ಸೊನ್ನೆಯಿಂದ_ಶುರು
ಜಾವಾಸ್ಕ್ರಿಪ್ಟ್‌ನಲ್ಲಿ ಆ ತೊಂದರೆ ಇಲ್ಲ. ‘ಅಂಕಗಳು’ ಅನ್ನೋ ಹೆಸರು ಹಾಗೇ ನಡೆಯುತ್ತದೆ. ಪೈಥಾನ್‌ನಲ್ಲೂ ನಡೆಯುತ್ತದೆ. ಆದರೆ ‘ಟೈಮ್‌ಔಟ್’ ತರಹದ ಪದದ ನಡುವೆ ನಾವು ಹಾಕುವ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಚಿಹ್ನೆ ಇದೆಯಲ್ಲ, ಅದನ್ನು ಪೈಥಾನ್ ಒಪ್ಪುವುದಿಲ್ಲ. ಎರರ್ ಬರುತ್ತದೆ, ಸಾಲಿನಲ್ಲಿ ಏನೂ ತಪ್ಪು ಕಾಣುವುದಿಲ್ಲ. ಕನ್ನಡದಲ್ಲಿ ಹೆಸರಿಡುವವರು ನೆನಪಿಡಿ.

ಪದಸಂಗಾತಿ
ಪದದ ಮಾತು ಬಂದಿದ್ದಕ್ಕೆ ಇನ್ನೊಂದು. ‘ಸ್ಥಿರಾಂಕ’ ಅಂತ ಎಲ್ಲರೂ ಬಳಸುತ್ತಿದ್ದೀರಿ. ಅದರಲ್ಲಿ ‘ಅಂಕ’ ಇದೆ. ಗಣಿತಕ್ಕೆ ಸರಿ. ಪ್ರೋಗ್ರಾಮಿಂಗ್‌ನಲ್ಲಿ ಸ್ಟ್ರಿಂಗ್, ಪಟ್ಟಿ ಎಲ್ಲವೂ ಕಾನ್ಸ್ಟಂಟ್ ಆಗಬಹುದು. ಬರೀ ‘ಸ್ಥಿರ’ ಸಾಕು.

ಗಣಿತಪ್ರೀತಿ
ಶಾಲೆಯಿಂದ ಕೇಳಿದ ಪದ ಮೇಡಂ, ಕೇಳಿದ ತಕ್ಷಣ ಅರ್ಥ ಆಗುತ್ತದೆ. ಚರಾಕ್ಷರದಲ್ಲೂ ‘ಅಕ್ಷರ’ ಇದೆ, ಆದರೂ ವೇರಿಯಬಲ್‌ಗೆ ಅದನ್ನೇ ಅನ್ನುತ್ತೇವಲ್ಲ.

ಪದಸಂಗಾತಿ
ಅನ್ನುತ್ತೇವೆ, ಆಮೇಲೆ ಮಕ್ಕಳು ವೇರಿಯಬಲ್ ಅಂದರೆ ಒಂದೇ ಅಕ್ಷರದ ಹೆಸರು ಅಂದುಕೊಳ್ಳುತ್ತಾರೆ. ಕೋಡ್ ತುಂಬ ಅ, ಬ, ಕ. ಪಾಠ ಮಾಡುವಾಗ ಕಣ್ಣಾರೆ ನೋಡಿದ್ದೇನೆ.

ಹಳೇಕೀಲಿ
ಅದು ನಿಜ. ನಾನು ಪಾಠ ಹೇಳುವಾಗ ‘ಕಟ್ಟಿದ ಹೆಸರು’ ಅನ್ನುತ್ತೇನೆ. ಹಸುವಿನ ಮಾತು ಬಂದಿದ್ದೇ ಅಲ್ಲಿಂದ.

ಹೊಸಹಾಳೆ
ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಈಗ ಮಾಡಿದ್ದು ಹೇಳುತ್ತೇನೆ. ಫೈಲ್ ಮೇಲೆ ಸ್ಟ್ರಿಕ್ಟ್ ಮೋಡ್ ಹಾಕಿದೆ. ನನ್ನ ಕೋಡ್‌ನಲ್ಲಿ 35 ಅನ್ನೋ ಸಂಖ್ಯೆ ಆರು ಕಡೆ ಇತ್ತು. ನಾಲ್ಕು ಕಡೆ ಅದು ಪಾಸ್ ಆಗಲು ಬೇಕಾದ ಅಂಕ. ಎರಡು ಕಡೆ ಯಾಕಿದೆ ಅಂತ ನನಗೇ ನೆನಪಾಗಲಿಲ್ಲ, ಬರೆದು ಇನ್ನೂ ಒಂದು ತಿಂಗಳಾಗಿಲ್ಲ. ಕೂತು ಹುಡುಕಿದೆ. ಪರದೆಯ ಮೇಲೆ ಒಂದು ಸಾಲಿನ ಎತ್ತರ ಅದು.

ಈಗ ‘ಪಾಸ್_ಅಂಕ’ ಮತ್ತು ‘ಸಾಲಿನ_ಎತ್ತರ_ಪಿಕ್ಸೆಲ್’ ಅಂತ ಎರಡು ಸ್ಥಿರ ಇವೆ. ಒಂದೇ ಅನುಮಾನ. ಇವುಗಳನ್ನು ಬೇರೆ ಫೈಲ್‌ನಲ್ಲಿ ಒಟ್ಟಿಗೆ ಇಡಬೇಕಾ, ಬಳಸುವ ಜಾಗದ ಹತ್ತಿರವೇ ಇಡಬೇಕಾ?

ಅರ್ಧವಿರಾಮ
ಎಲ್ಲ ಒಂದೇ ಫೈಲ್‌ನಲ್ಲಿ ಇಡಿ. ಹುಡುಕಲು ಸುಲಭ.

ರಾತ್ರಿಪಾಳಿ
ಬೇಡ ಬೇಡ. ಪಾಸ್ ಅಂಕಕ್ಕೂ ಪಿಕ್ಸೆಲ್‌ಗೂ ಏನು ಸಂಬಂಧ? ಎರಡು ವರ್ಷದಲ್ಲಿ ಆ ಫೈಲ್ ಐನೂರು ಸಾಲು ಆಗುತ್ತದೆ, ಯಾವುದನ್ನು ಯಾರು ಬಳಸುತ್ತಾರೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಒಂದೇ ಕಡೆ ಬಳಸುವುದಾದರೆ ಆ ಫೈಲ್‌ನ ತಲೆಯಲ್ಲೇ ಇಡಿ. ಎರಡನೇ ಫೈಲ್‌ಗೆ ಬೇಕಾದ ದಿನ ಹೊರಗೆ ತೆಗೆಯಿರಿ.

ಅರ್ಧವಿರಾಮ
ಅಷ್ಟು ಹೊತ್ತಿಗೆ ಎರಡನೇ ಫೈಲ್‌ನಲ್ಲಿ ಇನ್ನೊಬ್ಬರು 35 ಅಂತ ಹೊಸದಾಗಿ ಬರೆದಿರುತ್ತಾರೆ. ಇದಕ್ಕೆ ಬೇರೆ ಚರ್ಚೆ ತೆರೆಯುತ್ತೇನೆ, ಅಲ್ಲಿ ಬನ್ನಿ.